ಕೋಟೆಗೆ ಎಂಟೇ ಕಿಲೋಬಿಟ್ಟು

ಸಿಸ್ಕೋ ಕಂಪನಿಯ ವಾಯ್ಸ್ ಪರೀಕ್ಷೆಗೆ, ಅಂದರೆ ನೆಟ್‌ವರ್ಕಿನ ಮೇಲೆ ಫೋನು ನಡೆಸುವ ವಿದ್ಯೆಯ ಪರೀಕ್ಷೆಗೆ, ಓದುವವರು ಮನೆಯಲ್ಲೇ ಒಂದು ಲ್ಯಾಬ್ ಕಟ್ಟಿಕೊಳ್ಳಬೇಕೆಂಬುದು ಆಗಿನ ಅಲಿಖಿತ ನಿಯಮ. ನಡುವೆ ಒಂದು ಹೆಡ್ ಆಫೀಸು, ಸುತ್ತ ಬ್ರಾಂಚುಗಳು, ಎಲ್ಲ ಕಡೆಯೂ ಫೋನು. ಪುಸ್ತಕದಲ್ಲಿ ಬ್ರಾಂಚುಗಳಿಗೆಲ್ಲ ಅಮೆರಿಕದ ಊರುಗಳ ಹೆಸರು. ಡಲ್ಲಾಸ್ ಎಂದರೆ ನನಗೆ ಯಾವ ದಿಕ್ಕೂ ಹೊಳೆಯುವುದಿಲ್ಲ. ಹಾಗಾಗಿ ಹೆಡ್ ಆಫೀಸಿಗೆ ಹುಣಸೂರು, ಬ್ರಾಂಚುಗಳಿಗೆ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಚೀಟಿ ಬರೆದು ರೌಟರುಗಳ ಹಣೆಗೆ ಅಂಟಿಸಿದೆ. ಇದರಲ್ಲಿ ಪಕ್ಷಪಾತವೇನಿಲ್ಲ, ಸರ್ಕಾರದ ಲೆಕ್ಕದಲ್ಲೂ ಇವು ಹುಣಸೂರು ಉಪವಿಭಾಗದ ತಾಲ್ಲೂಕುಗಳು, ಎ.ಸಿ. ಸಾಹೇಬರು ಕೂರುವುದು ನಮ್ಮೂರಲ್ಲೇ. ಆದರೆ ನನ್ನ ಹೆಂಡತಿಯ ತವರು ಕೆ.ಆರ್. ನಗರ, ಅವ್ವನ ತವರು ಕೋಟೆ.

ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡು: ಒಂದು 2811 ರೌಟರು, ಮೂರು ಪುಟ್ಟ 1760, ಫೋನಿಗೆ ಕರೆಂಟೂ ಕೊಡುವ ಒಂದು ನೆಟ್‌ವರ್ಕ್ ಸ್ವಿಚ್ಚು, ಯಾವುದೋ ಕಂಪನಿ ಬಿಸಾಕಿದ 7960 ಫೋನುಗಳು. ಕರೆಗಳನ್ನೆಲ್ಲ ನಡೆಸುವ ಕಾಲ್ ಮ್ಯಾನೇಜರ್ ತಂತ್ರಾಂಶಕ್ಕೆ ಮನೆಯ ಹಳೆಯ ಕಂಪ್ಯೂಟರೇ ಗತಿ. ಹೊಗೆಸೊಪ್ಪು ಗ್ರೇಡ್ ಮಾಡುತ್ತಿದ್ದ ಕೋಣೆಯಲ್ಲಿ ಇವನ್ನೆಲ್ಲ ಜೋಡಿಸಿ ಸ್ವಿಚ್ ಹಾಕಿದ ಕೂಡಲೇ 2811ರ ಫ್ಯಾನು ಹೊಡೆದುಕೊಂಡ ಸದ್ದಿಗೆ ಪಕ್ಕದ ಮನೆಯವರು ಬಂದು, ‘ಹಿಟ್ಟಿನ ಮಿಷನ್ ಹಾಕ್ಸುದ್ರಾ? ರಾಗಿ ತತ್ತೀವಿ’ ಅಂದರು.

ಅಪ್ಪ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಬಾಗಿಲಲ್ಲೇ ನಿಂತು ಲ್ಯಾಬಿನ ತನಿಖೆ ನಡೆಸಿದರು.

‘ಒಟ್ಟು ಎಷ್ಟು ಲೈನ್ಲಾ?’

‘ಐದು ಫೋನಪ್ಪ.’

‘ಐದು ಫೋನಿಗೆ ಇಷ್ಟು ಫ್ಯಾನಾ? 86ರಲ್ಲಿ ಕಿತ್ತೂರಲ್ಲಿ ಸಿ-ಡಾಟ್‌ನೋರು ಹಳ್ಳಿ ಎಕ್ಸ್‌ಚೇಂಜ್ ಕೂರಿಸಿದ್ರಲ್ಲ, ಅದು 128 ಲೈನು. ಎ.ಸಿ. ಬೇಡ ಏನೂ ಬೇಡ, ಧೂಳಲ್ಲೇ ಓಡೋದು.’

ಅಪ್ಪ ಹೇಳಿದ್ದು ನಿಜ. ಸ್ಯಾಮ್ ಪಿತ್ರೋಡಾ ಕಾಲದ ಆ ಎಕ್ಸ್‌ಚೇಂಜನ್ನು ರೂಪಿಸಿದ್ದೇ ಬಿಸಿಲು, ಧೂಳು ತಡೆದುಕೊಳ್ಳಲಿ ಎಂದು. ಮಾತು ತಿರುಗಿಸಲು ನಾನು, ಈ ಸ್ವಿಚ್ಚು ನೆಟ್‌ವರ್ಕ್ ಕೇಬಲ್ಲಿನಲ್ಲೇ ಫೋನಿಗೆ 48 ವೋಲ್ಟ್ ಕಳಿಸುತ್ತದೆ ಎಂದೆ. ಅಪ್ಪನ ಮುಖ ಅರಳಿತು. ‘ಅಂಗ್ ಬಾ ದಾರಿಗೆ! ನಮ್ಮ ಎಕ್ಸ್‌ಚೇಂಜ್ ಬ್ಯಾಟ್ರಿನೂ ಅದೇ 48. ಊರೆಲ್ಲ ಕತ್ತಲಾದ್ರೂ ಫೋನ್ ಬಡ್ಕೋತಿತ್ತು.’ ಅಷ್ಟರಲ್ಲಿ ಕರೆಂಟು ಹೋಯಿತು. ಹುಣಸೂರು ಉಪವಿಭಾಗದ ನಾಲ್ಕೂ ತಾಲ್ಲೂಕುಗಳು ಒಟ್ಟಿಗೇ ಸತ್ತವು. ಅಪ್ಪ ಏನೂ ಹೇಳಲಿಲ್ಲ, ಹೇಳಿದ್ದರೇ ವಾಸಿಯಿತ್ತು.

ನಂಬರು ಹಂಚುವುದು ಸಲೀಸಾಗಿ ಮುಗಿಯಿತು. ಹುಣಸೂರಿನ ಎಸ್‌ಟಿಡಿ ಕೋಡ್ 08222, ಆದ್ದರಿಂದ ಅಲ್ಲಿಯವು 2ರಿಂದ ಶುರು, ಕೆ.ಆರ್. ನಗರ 08223, ಅದಕ್ಕೆ 3. ಕೋಟೆ 08228, ಅದಕ್ಕೆ 8. ಪಿರಿಯಾಪಟ್ಟಣಕ್ಕೆ ಉಳಿದವುಗಳಲ್ಲಿ 5 ಕೊಟ್ಟೆ. ಪುಸ್ತಕದ ತುರ್ತು ನಂಬರು 911 ಕಿತ್ತುಹಾಕಿ 100, 101, 108 ಸೇರಿಸಿದೆ.

ಜಗಳ ಶುರುವಾದದ್ದು ಚೀಟಿಗಳಿಂದ. ‘ರೀ, ನಮ್ಮೂರು ನಿಮ್ಮೂರಿಗೆ ಬ್ರಾಂಚಾ? ನಮ್ಮೂರಿಗೆ ರೈಲು ಬರುತ್ತೆ, ನಿಮ್ಮೂರಿಗೆ ಬರುತ್ತಾ?’ ಎಂದಳು ಹೆಂಡತಿ. ಲಕ್ಷ್ಮಣತೀರ್ಥ ಹರಿಯುತ್ತದಲ್ಲ ಎಂದೆ. ‘ಹರಿದು ಹರಿದು ಕೊನೆಗೆ ಬಂದು ಸೇರೋದು ನಮ್ಮ ಕಾವೇರಿಗೇ ತಾನೆ?’ ಭೂಗೋಳದಲ್ಲಿ ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕೆ.ಆರ್. ನಗರದ ಲಿಂಕಿನ ವೇಗ ಹೆಚ್ಚಿಸಿ, ಅಲ್ಲಿಗೆ ಮಾತನ್ನು ಬಿಟ್ಟುಗಳಾಗಿಸುವ ಜಿ.711 ಕೋಡೆಕ್ ಕೊಟ್ಟೆ: ಸೆಕೆಂಡಿಗೆ 64 ಕಿಲೋಬಿಟ್ಟು, ಧ್ವನಿ ಸ್ವಚ್ಛ.

ಕೋಟೆಯ ಲಿಂಕು ಸಣ್ಣದು. ಅಲ್ಲಿಗೆ ಜಿ.729, ಎಂಟೇ ಕಿಲೋಬಿಟ್ಟು. ಇದು ಬಹಳ ಮಿತವ್ಯಯದ ಕೋಡೆಕ್ಕು, ಆದರೆ ಇದರಲ್ಲೊಂದು ತಮಾಷೆಯಿದೆ. 20 ಮಿಲಿಸೆಕೆಂಡಿನ ಮಾತನ್ನು ಹಿಂಡಿ 20 ಬೈಟಿಗೆ ಇಳಿಸುತ್ತದೆ. ಅದರ ತಲೆಯ ಮೇಲೆ ವಿಳಾಸ, ಕ್ರಮಸಂಖ್ಯೆ ಎಂದು 40 ಬೈಟು ಹೇರಬೇಕು. ನಮ್ಮ ಸೋದರತ್ತೆ ಫೋನ್ ಮಾಡಿದರೂ ಹೀಗೆಯೇ: ಊಟ ಆಯ್ತಾ, ಮಳೆ ಆಯ್ತಾ, ಹಸ ಕರ ಹಾಕ್ತಾ ಎಂದು ವಿಚಾರಿಸಿ ಮುಗಿದು ವಿಷಯ ಬರುವ ಹೊತ್ತಿಗೆ ಕರೆನ್ಸಿ ಖಾಲಿ.

ಅವ್ವನಿಗೆ ಬೈಟು ಬೇಕಿರಲಿಲ್ಲ. ‘ಅವಳ ತವರಿಗೆ ಅರವತ್ನಾಕು, ನನ್ನ ತವರಿಗೆ ಎಂಟಾ? ಕಪಿಲೆ ನೀರು ಕುಡ್ದೋರಿಗೆ ಗಂಟ್ಲಿಲ್ವೇನ್ಲಾ?’ ಎಂದು ಕೋಟೆಯ ಫೋನ್ ಎತ್ತಿಕೊಂಡು ಮಾತಾಡಿ ತೋರಿಸಿದಳು. ಫೋನಿನಲ್ಲೂ ಕೇಳಿಸಿತು, ಬೀದಿಯಲ್ಲೂ ಕೇಳಿಸಿತು. ಈ ಅನ್ಯಾಯಕ್ಕೆ ಪ್ರತಿಯಾಗಿ ಕೋಟೆಗೆ ಎರಡು ಫೋನು ಮಂಜೂರು ಮಾಡಿ, ಎಸ್‌ಆರ್‌ಎಸ್‌ಟಿ ಎಂಬ ವಿಶೇಷ ಸೌಲಭ್ಯವನ್ನೂ ಒದಗಿಸಿದೆ. ಹೆಡ್ ಆಫೀಸಿನ ಸಂಪರ್ಕ ಕಡಿದುಹೋದರೆ ಬ್ರಾಂಚಿನ ರೌಟರೇ ಯಜಮಾನಿಕೆ ವಹಿಸಿಕೊಂಡು ಅಲ್ಲಿನ ಫೋನುಗಳು ತಮ್ಮತಮ್ಮಲ್ಲಿ ಮಾತಾಡುವಂತೆ ನೋಡಿಕೊಳ್ಳುತ್ತದೆ. ಕೇಬಲ್ ಕಿತ್ತು ತೋರಿಸಿದೆ. ‘ಅಲ್ಲಿಗೆ ಬೇಕೇ ಬೇಕು,’ ಎಂದರು ಅಪ್ಪ. ‘ಅಂತರಸಂತೆ ಕಡೆ ನಾನು ಲೈನ್ ನೋಡೋವಾಗ ಆನೆಗಳು ಕಂಬಕ್ಕೆ ಮೈ ಉಜ್ಜಿ ವಾಲಿಸ್ಬುಡೋವು.’ ಹುಣಸೂರಿನ ಹಂಗಿಲ್ಲದೆ ಕೋಟೆ ಬದುಕುತ್ತದೆ ಎಂದು ತಿಳಿದ ಮೇಲೆ ಅವ್ವ ಎಂಟು ಕಿಲೋಬಿಟ್ಟನ್ನು ಕ್ಷಮಿಸಿದಳು. ಕೇಬಲ್ಲನ್ನು ಮತ್ತೆ ಹಾಕಬೇಡ ಎಂದಳು.

ಪಿರಿಯಾಪಟ್ಟಣದ ಪರವಾಗಿ ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆ ಕಡೆಯ ನೆಂಟರೊಬ್ಬರು ಬಂದಾಗ ಚೀಟಿ ನೋಡಿ, ‘ನಮ್ಮೂರ್ಗೂ ಲೈನೈತಾ? ಕಂಪಲಾಪುರದ ಹರಾಜು ಪ್ಲಾಟ್‌ಫಾರಂನಲ್ಲಿ ಇವತ್ತು ಹೊಗೆಸೊಪ್ಪು ಎಷ್ಟಕ್ಕೆ ಹೋಯ್ತು ಕೇಳು’ ಎಂದು ರಿಸೀವರ್ ಚಾಚಿದರು. ಆ ಪಿರಿಯಾಪಟ್ಟಣ ಇದೇ ಕೋಣೆಯ ಕಿಟಕಿಯ ಹತ್ತಿರ ಇದೆ ಎಂದು ಹೇಳಿದ ಮೇಲೆ ಅವರು ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಭಾವಮೈದ ಬಂದಾಗ ಸಾಲಿಗ್ರಾಮ ಎಲ್ಲಿ ಎಂದ. ಆಗಿನ್ನೂ ಅದು ತಾಲ್ಲೂಕಾಗಿರಲಿಲ್ಲ, ಬಚಾವಾದೆ. ಈಗ ಸಾಲಿಗ್ರಾಮವೂ ತಾಲ್ಲೂಕು, ಸರಗೂರೂ ತಾಲ್ಲೂಕು; ಅಷ್ಟು ರೌಟರು ಎಲ್ಲಿಂದ ತರಲಿ?

ಪರೀಕ್ಷೆ ಪಾಸಾಯಿತು. ಮುಂದೆ ಸಿಸ್ಕೋದವರು ವಾಯ್ಸ್ ತೆಗೆದು ಕೊಲಾಬರೇಷನ್ ಎಂದು ಮಾಡಿದರು. ಸಿಸಿಎನ್ಎ ಎಂಬ ಹಂತದ ಪರೀಕ್ಷೆಯಲ್ಲಿ 2020ರ ಫೆಬ್ರವರಿಗೆ ಅದೂ ಮುಗಿಯಿತು. ಈಗ ಇದನ್ನು ಕಲಿಯಬೇಕೆನ್ನುವವರು ಎಸ್.ಪಿ. ರೋಡ್ ಸುತ್ತಬೇಕಿಲ್ಲ. ಆಸ್ಟರಿಸ್ಕ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಒಂದು ಹಳೆಯ ಲ್ಯಾಪ್‌ಟಾಪು ಸಾಕು, ಮನೆಮಂದಿಯ ಮೊಬೈಲುಗಳೇ ಫೋನು. ಬ್ರಾಂಚುಗಳಿಗೆ ಮಾತ್ರ ದಯವಿಟ್ಟು ಆರ್1, ಆರ್2 ಎಂದೇ ಹೆಸರಿಡಿ. ಅವಕ್ಕೆ ತವರಿಲ್ಲ.