ಬಸಿಯದೆ ಬಸ್ಸಾರಿಲ್ಲ

ನಿವೃತ್ತನಾದ ಮರುವಾರವೇ ನಾನು ಕೃಷಿಕನಾದೆ. ಜಮೀನು ಎಂದರೆ ಬೆಂಗಳೂರಿನ ನಮ್ಮ ಮನೆಯ ತಾರಸಿ. ಅಲ್ಲಿ 12 ಕುಂಡ, ಬಿರುಕು ಬಿಟ್ಟ ಒಂದು ಬಕೆಟ್ಟು, ಮೊಮ್ಮಗ ಸ್ನಾನ ಮಾಡುತ್ತಿದ್ದ ಟಬ್ಬು. ಪಹಣಿಯೊಂದು ಇರಲಿಲ್ಲ, ಅಷ್ಟೇ. ಮಣ್ಣಿಗೂ ದುಡ್ಡು ಬಿಚ್ಚಲಿಲ್ಲ. ಪಕ್ಕದ ಬೀದಿಯಲ್ಲಿ ಪಾಯ ತೋಡುತ್ತಿದ್ದರು. ಎಂಟು ಮೂಟೆ ಕೆಮ್ಮಣ್ಣು ಪುಕ್ಕಟೆ ಸಿಕ್ಕಿತು. ‘ಆಳದ ಮಣ್ಣಲ್ಲಿ ಸತ್ವ ಎಲ್ಲಿರುತ್ತೆ? ಪಾಯದ ಮಣ್ಣು ಪಾಯಕ್ಕೇ ಸರಿ ಕಣ್ರೀ’ ಎಂದಳು ಹೆಂಡತಿ. ಅಸೂಯೆ ಎಂದುಕೊಂಡೆ.

ದಂಟಿನ ಬೀಜ ಚೆಲ್ಲಿದೆ. ಇರುವೆಗಳು ಮೆರವಣಿಗೆಯಲ್ಲಿ ಹೊತ್ತೊಯ್ದವು. ಮೆಂತ್ಯ ಚೆಲ್ಲಿ, ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಸುರಿದೆ. ನಾಲ್ಕನೇ ದಿನ ಮೊಳಕೆ ಬಂತು. ಫೋಟೊ ತೆಗೆದು ನೆಂಟರಿಗೆಲ್ಲ ವಾಟ್ಸಾಪ್ ಮಾಡಿದೆ. ಎಂಟನೇ ದಿನ ಸಸಿಗಳೆಲ್ಲ ಬುಡದಲ್ಲಿ ದಾರದಂತೆ ಸಣಕಲಾಗಿ ಅಡ್ಡಡ್ಡ ಮಲಗಿದವು. ಬಾಯಾರಿಕೆಯಿರಬೇಕೆಂದು ಇನ್ನೊಂದು ಕೊಡ ಸುರಿದೆ. ಆಮೇಲೆ ಮುನಿಸಿಕೊಂಡು ನಾಲ್ಕು ದಿನ ನೀರು ಹಾಕದೆ ಬಿಟ್ಟರೆ ಮಣ್ಣು ಇಟ್ಟಿಗೆಯಾಗಿತ್ತು. ಎಂಟು ಮೂಟೆಯಲ್ಲಿ ನಾನು ಬೆಳೆದದ್ದು ಅದೊಂದೇ.

ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿಯನ್ನು, ನನ್ನ ಮಾನ ಕಳೆಯಲೆಂದೇ, ಹೆಂಡತಿ ತಾರಸಿಗೆ ಹತ್ತಿಸಿದಳು.

‘ಏನ್ ಸ್ವಾಮಿ, ಸೊಪ್ಪು ಹಾಕಿದ್ದೀರೋ, ಭತ್ತ ನಾಟಿ ಮಾಡಿದ್ದೀರೋ?’ ಎನ್ನುತ್ತ ಅಜ್ಜಿ ಒಂದು ಕುಂಡ ಓರೆ ಮಾಡಿ ತಳ ನೋಡಿತು. ತೂತಿಗೆ ಮಣ್ಣು ಮೆತ್ತಿಕೊಂಡಿತ್ತು. ‘ಬೇರು ನೀರು ಕುಡಿದ್ರೆ ಸಾಕಾ, ಉಸಿರಾಡೋದು ಬ್ಯಾಡ್ವಾ? ನೀರು ಬಸಿದು ಹೋಗಬೇಕು ಸ್ವಾಮಿ. ಬಸಿಯದೆ ಬಸ್ಸಾರು ಹೆಂಗಾಯ್ತದೆ?’

ಬಸಿದ ಸಾರೇ ಬಸ್ಸಾರು ಎಂದು 60 ವರ್ಷ ಉಂಡವನಿಗೆ ಬಸಿಯುವ ಕೆಲಸ ಕುಂಡದಲ್ಲೇ ಶುರುವಾಗಬೇಕೆಂದು ಹೊಳೆದಿರಲಿಲ್ಲ.

ಅಜ್ಜಿಯ ಲೆಕ್ಕ ಇಡ್ಲಿ ಹಿಟ್ಟಿನ ಲೆಕ್ಕಕ್ಕಿಂತ ಸುಲಭ. ಕೆಮ್ಮಣ್ಣು ಒಂದು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಮಾತ್ರ ಪೂರ್ತಿ ಕಳಿತಿರಬೇಕು; ಹಸಿ ಸಗಣಿಯಾದರೆ ಅದರ ಕಾವಿಗೆ ಬೇರು ಬೆಂದುಹೋಗುತ್ತದೆ. ಕಳಿತದ್ದು ನಾರುವುದಿಲ್ಲ, ಮೊದಲ ಮಳೆ ಬಿದ್ದ ಹೊಲದಂತೆ ಘಮ್ಮೆನ್ನುತ್ತದೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿಂದ ಒತ್ತಿದರೆ ಪುಡಿಯಾಗಬೇಕು. ನನ್ನ ಹಳೆಯ ಮಣ್ಣಿನ ಉಂಡೆಯಲ್ಲಿ ಗಣಪತಿಯನ್ನೇ ಮಾಡಬಹುದಿತ್ತು.

ನೀರಿನ ಶಾಸ್ತ್ರ ಇನ್ನೂ ಚಿಕ್ಕದು. ಬೆಳಿಗ್ಗೆ ತೋರುಬೆರಳನ್ನು ಒಂದು ಗೆಣ್ಣು ಮಣ್ಣಿಗಿಳಿಸುವುದು. ತೇವ ಅಂಟಿದರೆ ಕೊಡಕ್ಕೆ ರಜೆ, ಒಣಗಿದ್ದರೆ ತಳದ ತೂತಿನಿಂದ ನೀರು ತೊಟ್ಟಿಕ್ಕುವವರೆಗೆ ಹನಿಸುವುದು. ಮೇಲೆ ತರಗೆಲೆ ಹೊದಿಸಿದರೆ ಬಿಸಿಲು ತೇವ ಕದಿಯುವುದಿಲ್ಲ. ಓಟು ಹಾಕಿದ ಶಾಯಿಯಾದರೂ ಅಳಿಸೀತು, ನನ್ನ ತೋರುಬೆರಳಿನ ಕೆಮ್ಮಣ್ಣು ಈಗ ಖಾಯಂ.

ಈ ಸಲ ದಂಟಿನ ಬೀಜಕ್ಕೆ ಮರಳು ಬೆರೆಸಿ ತೆಳ್ಳಗೆ ಉದುರಿಸಿ, ಮೇಲೊಂದಿಷ್ಟು ಗೊಬ್ಬರದ ಪುಡಿ ಮುಚ್ಚಿದೆ. 30ನೇ ದಿನಕ್ಕೆ ಕೊಯ್ಲು. ಬೇರಿನಲ್ಲಿ ಅಂಟಿದ ಮಣ್ಣು ಕೊಡವಿದರೆ ಅವಲಕ್ಕಿಯಂತೆ ಉದುರಿತು. ಹೆಂಡತಿ ಸೊಪ್ಪನ್ನು ಮೂಸಿ ನೋಡಿ, ‘ಚೆನ್ನಾಗಿದೆ, ಆದ್ರೆ ಇಬ್ಬರಿಗೆ ಸಾಲದು’ ಎಂದಳು. ಕೆಳಗಿಳಿದು ಅಜ್ಜಿಯ ಹತ್ತಿರ ಎರಡು ಕಟ್ಟು ಕೊಂಡೆ. ನನ್ನದೂ ಅಜ್ಜಿಯದೂ ಸೇರಿಯೇ ಬಸ್ಸಾರಾಯಿತು.

ಅಜ್ಜಿ ಚೌಕಾಸಿಗೆ ಬಗ್ಗುವುದಿಲ್ಲ, ನಾನೂ ಕೇಳಲಿಲ್ಲ. ಒಂದು ಕಟ್ಟು ದಂಟಿಗೆ ಎಷ್ಟು ಕೈಕೆಲಸ ಹಿಡಿಯುತ್ತದೆಂದು ಈಗ ಗೊತ್ತು. ನೀವೂ ಕೇಳಬೇಡಿ.