ಕ್ಯಾಮೆರಾ ಮೀಮಾಂಸೆ: ಶಹಾಪುರ ಖಂಡ, ಖಾನಾಪುರ ಅನುಬಂಧ ಸಹಿತ

ಬೆಳಗಾವಿಗೆ ಹೊಂದಿಕೊಂಡ ಶಹಾಪುರದಲ್ಲಿ ಇನ್ನೂ ಬಗೆಹರಿಯದ ವಾದಗಳು ಎರಡು. ಕುಂದಾವನ್ನು ಬಿಸಿಯಿದ್ದಾಗ ತಿನ್ನಬೇಕೋ ಆರಿದ ಮೇಲೋ ಎಂಬುದು ಒಂದು. ಮೊದಲ ಸಲ ಕ್ಯಾಮೆರಾ ಕೊಳ್ಳುವವನು ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ ಕೊಳ್ಳಬೇಕೋ, ಸೂಪರ್‌ಜೂಮ್ ಕೊಳ್ಳಬೇಕೋ ಎಂಬುದು ಇನ್ನೊಂದು. ಮೊದಲನೆಯದರ ಸಂಶೋಧನೆ ಮನೆಮನೆಯಲ್ಲೂ ಸಮರ್ಪಕವಾಗಿ ನಡೆದಿರುವುದರಿಂದ ಪ್ರಸ್ತುತ ಗ್ರಂಥ ಎರಡನೆಯದನ್ನು ಕೈಗೆತ್ತಿಕೊಳ್ಳುತ್ತದೆ. ಮೊಬೈಲ್ ಇರುವಾಗ ಈ ಉಸಾಬರಿ ಯಾಕೆ ಎನ್ನುವ ಚಾರ್ವಾಕರಿಗೆ ಇಲ್ಲಿ ಉತ್ತರವಿಲ್ಲ. ಅವರು ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವರು. ನಮ್ಮ ವಿಷಯವಾದರೋ, ಖಾನಾಪುರದಾಚೆ ಜಾಂಬೋಟಿ ಕಾಡಿನ ಮರದ ತುದಿಯಲ್ಲಿ ಕೂತು ಕಣ್ಣಿಗೆ ಕಾಣದಿರುವ ಮಂಗಟ್ಟೆ ಹಕ್ಕಿ.

ಅಥ ಪಂಥಭೇದ. ಡಿಎಸ್‌ಎಲ್‌ಆರ್ ದ್ವೈತಿ. ಅಲ್ಲಿ ದೇಹ ಬೇರೆ, ಲೆನ್ಸು ಬೇರೆ. ದೇಹ ಹಳತಾದರೆ ಲೆನ್ಸು ಇನ್ನೊಂದು ದೇಹ ಸೇರಬಹುದು. ಹಿಂದಿನ ಜನ್ಮದ ಕರ್ಮವಾಗಿ ಬೂಷ್ಟೂ ಜೊತೆಗೇ ಹೋಗುತ್ತದೆ. ಸೂಪರ್‌ಜೂಮ್ ಅದ್ವೈತಿ. ಅಲ್ಲಿ ದೇಹಕ್ಕೂ ಲೆನ್ಸಿಗೂ ಭೇದವೇ ಇಲ್ಲ, ಒಂದು ಕೆಟ್ಟಿತೆಂದರೆ ಎರಡಕ್ಕೂ ಒಟ್ಟಿಗೇ ಮೋಕ್ಷ. ದ್ವೈತಿಯ ಹೊಟ್ಟೆಯೊಳಗೆ ಒಂದು ಕನ್ನಡಿಯಿದ್ದು, ಗುಂಡಿ ಒತ್ತಿದ ಕ್ಷಣದಲ್ಲಿ ಅದು ಕಟಕ್ಕೆಂದು ಮೇಲೇಳುತ್ತದೆ. ಆ ಕ್ಷಣ ಕಿಂಡಿಯಲ್ಲಿ ಕತ್ತಲೆ. ಅಂದರೆ ಚಿತ್ರ ಮೂಡುವ ಗಳಿಗೆಯನ್ನು ಚಿತ್ರ ತೆಗೆಯುವವನೊಬ್ಬನನ್ನು ಬಿಟ್ಟು ಮದುವೆಮನೆಯವರೆಲ್ಲ ನೋಡಿರುತ್ತಾರೆ.

ಪಂಥಗಳ ಇತಿಹಾಸ ಚುಟುಕಾದದ್ದು. ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ದ್ವೈತವನ್ನು ಗೃಹಸ್ಥರ ಮನೆಗೆ ತಂದದ್ದು 2003ರ ಕ್ಯಾನನ್ 300ಡಿ. ಮುಂದೆ 2010ರಲ್ಲಿ ನಿಕಾನ್ ಡಿ3100, 2011ರಲ್ಲಿ ಕ್ಯಾನನ್ 1100ಡಿ, 2018ರಲ್ಲಿ ನಿಕಾನ್ ಡಿ3500 ಹೀಗೆ ಪರಂಪರೆ ಬೆಳೆಯಿತು. ಅದ್ವೈತಿಗಳ ಮಹಾಭಾಷ್ಯ 2015ರ ನಿಕಾನ್ ಪಿ900, 83 ಪಟ್ಟು ಜೂಮಿನದು. 2018ರಲ್ಲಿ ಬಂದ ಪಿ1000 ಅದನ್ನು 125 ಪಟ್ಟಿಗೆ ಏರಿಸಿತು. ಅದರ ಭಾರ 1415 ಗ್ರಾಂ. ಕುತ್ತಿಗೆಗೆ ಹಾಕಿಕೊಂಡವನು ತಾನಾಗಿಯೇ ವಿನಯವಂತನಾಗುತ್ತಾನೆ.

ಈಗ ತೂಕದ ವಿಚಾರ. ಸರಾಫ ಗಲ್ಲಿಯ ಪಕ್ಕದಲ್ಲೇ ಇದ್ದುಕೊಂಡು ತೂಗದೆ ಕೊಳ್ಳುವುದು ಅಶಾಸ್ತ್ರೀಯ. 'ಕಾಂಪ್ಯಾಕ್ಟ್' ಕುಲಕ್ಕೆ ಸೇರಿದ ಪಿ900 ತಕ್ಕಡಿಯಲ್ಲಿ 899 ಗ್ರಾಂ ತೂಗುತ್ತದೆ. 'ದೊಡ್ಡ ಕ್ಯಾಮೆರಾ' ಎಂದು ಜನ ಹೆದರುವ ಡಿ3500 ಬ್ಯಾಟರಿ, ಕಾರ್ಡು, 18–55ರ ಲೆನ್ಸು ಎಲ್ಲ ಸೇರಿ 620 ಗ್ರಾಂ. ಬ್ಯಾಟರಿಯ ಲೆಕ್ಕವೂ ಹೀಗೆಯೇ: ಕಂಪನಿಗಳ ಅಳತೆಯಂತೆ ಒಮ್ಮೆ ಚಾರ್ಜ್ ಮಾಡಿದರೆ ಮೊದಲನೆಯದು 360 ಚಿತ್ರಕ್ಕೆ ಸುಸ್ತಾಗುತ್ತದೆ, ಎರಡನೆಯದು 1550ರವರೆಗೆ ಎಳೆಯುತ್ತದೆ. ಬೆಳಗಾವಿ ಕಡೆಯ ಮದುವೆ 360 ಚಿತ್ರಕ್ಕೆ ಇನ್ನೂ ಅರಿಷಿಣದ ಹಂತದಲ್ಲೇ ಇರುತ್ತದೆ.

ಸೆನ್ಸರ್ ಪ್ರಕರಣ ಕಠಿಣವಾದುದು, ಓದುಗರು ಎಲೆ-ಅಡಿಕೆ ಹಾಕಿಕೊಂಡು ಕೂಡಬಹುದು. ಬೆಳಕು ಬಂದು ಬೀಳುವ ಅಂಗಳಕ್ಕೆ ಸೆನ್ಸರ್ ಎಂದು ಹೆಸರು. ಪಿ900ರಲ್ಲಿ ಇದರ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಡಿ3500ರಲ್ಲಿ ಸುಮಾರು 366, ಅಂದರೆ ಹದಿಮೂರು ಪಟ್ಟು. ಮೊದಲನೆಯದರಲ್ಲಿ 1.6 ಕೋಟಿ ಪಿಕ್ಸೆಲ್, ಎರಡನೆಯದರಲ್ಲಿ 2.4 ಕೋಟಿ. ಈ ಅಂಕಿಗಳನ್ನು ಮಗ್ಗದ ಕೆಲಸದಲ್ಲೇ ಆಯುಷ್ಯ ಕಳೆದ ಶಹಾಪುರದ ಕಾಕಾ ಒಬ್ಬರ ಮುಂದಿಟ್ಟಾಗ ಅವರು ಕಿರುಬೆರಳಿನ ಉಗುರನ್ನು ನೋಡಿಕೊಂಡು, "ಇಷ್ಟಽ ಅಗಲದಾಗ ಒಂದು ಕೋಟಿ ಅರವತ್ತು ಲಕ್ಷ ಎಳಿ ಕೂಡಸ್ಯಾರಂತ? ಅದು ಎಳಿ ಅಲ್ಲೋ ತಮ್ಮಾ, ಧೂಳು. ಹಗಲ ಹೊತ್ತಿನ್ಯಾಗ ಸೀರಿ ಕಂಡಂಗ ಕಾಣ್ತದ, ಸಂಜಿ ಆತಂದ್ರ ಎಲ್ಲಾ ಜಾಳಜಾಳ" ಎಂದರು. ಕತ್ತಲಲ್ಲಿ ಪುಟ್ಟ ಸೆನ್ಸರಿನ ಚಿತ್ರ ಕಾಳುಕಾಳಾಗುವುದಕ್ಕೆ ಇದಕ್ಕಿಂತ ಚಿಕ್ಕ ವಿವರಣೆಯನ್ನು ದ್ಯುತಿಶಾಸ್ತ್ರಜ್ಞರೂ ಕೊಟ್ಟಿದ್ದಿಲ್ಲ.

ಶಂಕೆ: ಶಹಾಪುರದಂಥ ಇಕ್ಕಟ್ಟಾದ ಗಲ್ಲಿಗಳ ಊರಿನಲ್ಲಿ 83 ಪಟ್ಟು ಜೂಮ್ ಹಿಡಿದು ಏನು ಮಾಡುವುದು? ಇಲ್ಲಿ ಪ್ರಪಂಚವೆಲ್ಲ ಮೂಗಿನ ಬುಡದಲ್ಲೇ ಇದೆ. ಮಂಗಲ ಕಾರ್ಯಾಲಯದಲ್ಲಿ ಬೀಗರೆಲ್ಲ ಸಾಲಾಗಿ ನಿಂತಾಗ ಫೋಟೋದವನು ಹಿಂದೆ ಸರಿಯುತ್ತ, ಸರಿಯುತ್ತ, ಊಟದ ಹಾಲಿನ ಬಾಗಿಲಿಗೆ ಬೆನ್ನು ತಾಗಿಸಿ ನಿಲ್ಲುತ್ತಾನೆ. ಎಡತುದಿಯ ಸೋದರಮಾವನ ಅರ್ಧ ಪೇಟಾ ಆಗಲೂ ಚೌಕಟ್ಟಿನ ಹೊರಗೇ. ಬಾಗಿಲ ಆಚೆಯಿಂದ ಯಾರೋ ಸಾರಿನ ಬಕೆಟ್ ಹಿಡಿದು "ಹಾದಿ ಬಿಡ್ರೀ" ಎನ್ನುತ್ತಿರುತ್ತಾರೆ. ಇಂಥಲ್ಲಿ ಅಗಲವಾಗಿ ನೋಡುವ ಡಿಎಸ್‌ಎಲ್‌ಆರ್ ಅಲ್ಲವೇ ಸರಿ?

ಸಮಾಧಾನ: ಅಲ್ಲ. ನಿಕಾನಿನ 18–55 ಲೆನ್ಸು ಅಗಲ ತುದಿಯಲ್ಲಿ, ಹಳೆಯ ರೀಲು ಕ್ಯಾಮೆರಾದ ಲೆಕ್ಕದಲ್ಲಿ, 27 ಮಿಲಿಮೀಟರಿನಷ್ಟು. ಪಿ900 ಶುರುವಾಗುವುದೇ 24ರಿಂದ. ದೂರ ನೋಡಲೆಂದು ಹುಟ್ಟಿದ ಯಂತ್ರವೇ ಹತ್ತಿರದಲ್ಲೂ ಹೆಚ್ಚು ಅಗಲ ನೋಡುತ್ತದೆ. ಸೋದರಮಾವನ ಪೇಟಾ ಅದರಲ್ಲಿ ಪೂರ್ತಿ ಬರುತ್ತದೆ. ಆದರೆ ಆ ಪೇಟಾದ ಬಣ್ಣ, ಕಾರ್ಯಾಲಯದ ಟ್ಯೂಬ್‌ಲೈಟಿನಲ್ಲಿ, ಕಾಕಾ ಹೇಳಿದ ಹಾಗೆ ಜಾಳಜಾಳ. ಪೇಟಾ ಬೇಕೋ ಬಣ್ಣ ಬೇಕೋ ಎಂಬ ಪ್ರಶ್ನೆಯನ್ನು ಬೀಗರಿಗೇ ಬಿಡುವುದು ಕ್ಷೇಮ.

ಶಹಾಪುರಕ್ಕೆ ಹೀಗೆ ಎರಡೆರಡರ ನಡುವೆ ಬದುಕುವುದು ಹೊಸದಲ್ಲ. ಸ್ವಾತಂತ್ರ್ಯದ ತನಕ ಇದು ಸಾಂಗಲಿ ಸಂಸ್ಥಾನಕ್ಕೆ ಸೇರಿದ ಪೇಟೆ, ಪಕ್ಕದ ಬೆಳಗಾವಿ ಇಂಗ್ಲಿಷರ ಜಿಲ್ಲಾಕೇಂದ್ರ. ಬೆಳಗಾವಿಯವರು ಹೋಳಿಯ ಮರುದಿನ ಬಣ್ಣವಾಡಿ, ತಲೆಗೆ ನೀರು ಹಾಕಿಕೊಂಡು ಕೂತ ಮೇಲೆ, ಶಹಾಪುರದವರು ರಂಗಪಂಚಮಿಗೆ ಪಿಚಕಾರಿ ಎತ್ತುತ್ತಾರೆ. ಛಾಯಾಗ್ರಾಹಕನಿಗೆ ಇದರಿಂದ ವರ್ಷಕ್ಕೆರಡು ಹೋಳಿ ಲಾಭ, ಕ್ಯಾಮೆರಾಕ್ಕೆ ಎರಡು ಗಂಡಾಂತರ. ಉದ್ದಕ್ಕೆ ಚಾಚಿ ಒಳಸೇರುವ ಜೂಮಿನ ಕೊಳವೆ ತನ್ನೊಂದಿಗೆ ಗಾಳಿಯನ್ನೂ, ಗಾಳಿಯೊಂದಿಗೆ ಗುಲಾಲನ್ನೂ ಎಳೆದುಕೊಳ್ಳುತ್ತದೆ. ದ್ವೈತಿಯಾದರೆ ಲೆನ್ಸು ಕಳಚಿ ಸೆನ್ಸರ್ ಒರೆಸಬಹುದು. ಅದ್ವೈತಿಯ ಒಳಹೊಕ್ಕ ಗುಲಾಲು ಮಾತ್ರ ಮುಂದಿನ ಎಲ್ಲ ಆಕಾಶಗಳಲ್ಲೂ ಒಂದೇ ಜಾಗದಲ್ಲಿ ಮಸುಕು ಚುಕ್ಕೆಯಾಗಿ ಕೂತಿರುತ್ತದೆ.

ಮಾಳಿಗೆ ಪ್ರಕರಣ. ಸೂಪರ್‌ಜೂಮ್ ಕೊಂಡವನು ಮೊದಲ ದಿನ ಸಂಜೆ ಮಾಳಿಗೆ ಹತ್ತುವುದು ಎಲ್ಲ ಸಂಪ್ರದಾಯಗಳಲ್ಲೂ ಕಂಡುಬರುವ ಆಚಾರ. 2000 ಮಿಲಿಮೀಟರಿನಷ್ಟು ಚಾಚಿದರೆ ಮೂರು ಗಲ್ಲಿ ಆಚೆಯ ಮನೆಯವರು ಒಣಹಾಕಿದ ಸಂಡಿಗೆಯ ತೂತುಗಳನ್ನು ಎಣಿಸಬಹುದು. ಅಷ್ಟರಲ್ಲಿ ಎದುರು ಮಾಳಿಗೆಯಿಂದ, "ಏ ತಮ್ಮಾ, ಎತ್ತಾಗ ಹಿಡದೀ ಅದನ್ನ?" ಎಂಬ ಆಕಾಶವಾಣಿ. "ಚಂದ್ರನ್ನ ನೋಡಾಕತ್ತೇನ್ರೀ ಮಾವಶಿ" ಎಂದು ಇವನು ಕ್ಯಾಮೆರಾ ಎತ್ತುತ್ತಾನೆ. ಸೂಪರ್‌ಜೂಮಿನವರೆಲ್ಲ ಚಂದ್ರನ ಚಿತ್ರವನ್ನೇ ಮೊದಲು ತೆಗೆಯುವುದಕ್ಕೆ ಕಾರಣ ಖಗೋಳಪ್ರೇಮವಲ್ಲ. ತಕರಾರು ತೆಗೆಯದ ನೆರೆಯವನು ಅವನೊಬ್ಬನೇ.

ಚಿತ್ರವೂ ಚೆನ್ನಾಗಿಯೇ ಬರುತ್ತದೆ. ಕುಳಿಗಳು, ಅಂಚಿನ ನೆರಳು, ಎಲ್ಲವೂ ಕೆತ್ತಿಟ್ಟಂತೆ. ಇದೇ ಸಂಭ್ರಮದಲ್ಲಿ ನಮ್ಮವನು ಭಾನುವಾರ ಖಾನಾಪುರದ ಹಾದಿ ಹಿಡಿಯುತ್ತಾನೆ. ಗ್ರಂಥದ ಅನುಬಂಧ ಇಲ್ಲಿಂದ.

ಖಾನಾಪುರ ಸುಮಾರು 25 ಕಿಲೋಮೀಟರು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ. ಈ ಸೀಮೆಯಲ್ಲೇ 2011ರಲ್ಲಿ ಘೋಷಿತವಾದ ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ವನ್ಯಜೀವಿಧಾಮ. ರಸ್ತೆಬದಿಯ ದೊಡ್ಡ ಮರವೊಂದರಲ್ಲಿ ಮಂಗಟ್ಟೆ ಕೂತಿದೆ, ಅರವತ್ತು ಮೀಟರ್ ದೂರ. ಜೂಮ್ ಚಾಚುತ್ತದೆ, ಹಕ್ಕಿ ಚೌಕಟ್ಟಿನ ತುಂಬ ಬರುತ್ತದೆ, ಗುಂಡಿ ಒತ್ತಿದರೆ ಮೂಡುವುದು ಹಳದಿ ಮಸಿ. 3,84,000 ಕಿಲೋಮೀಟರ್ ಆಚೆಯ ಚಂದ್ರ ಸಿಕ್ಕ, ಅರವತ್ತು ಮೀಟರಿನ ಹಕ್ಕಿ ಸಿಗಲಿಲ್ಲ!

ಇದನ್ನು ಜಾಂಬೋಟಿ ವಿಪರ್ಯಾಸವೆಂದು ಕರೆಯಲು ವಿದ್ವಾಂಸರ ಅಪ್ಪಣೆ ಬೇಡುತ್ತೇನೆ. ಕಾರಣ ಸರಳ. ನಮಗೆ ರಾತ್ರಿಯಾದರೂ ಚಂದ್ರನ ಮೇಲೆ ನೆಟ್ಟನೆಯ ಬಿಸಿಲು, ಅವನು ಅಲುಗಾಡುವುದಿಲ್ಲ. ಮಂಗಟ್ಟೆಯಾದರೋ ಹಗಲಲ್ಲೇ ಎಲೆಗಳ ಕತ್ತಲಲ್ಲಿ ಕೂತಿದೆ, ಮೋಡ ಬೇರೆ, ಸಾಲದ್ದಕ್ಕೆ ತಲೆ ಕುಣಿಸುತ್ತದೆ. ಜೂಮ್ ಪೂರ್ತಿ ಚಾಚಿದಾಗ ಲೆನ್ಸಿನ ಕಿಂಡಿ ಎಫ್/6.5ಕ್ಕೆ ಇಳಿದಿರುತ್ತದೆ, ಅಷ್ಟು ಕಡಿಮೆ ಬೆಳಕು ಆ ಉಗುರಿನಷ್ಟು ಅಂಗಳಕ್ಕೆ ಸಾಕಾಗುವುದಿಲ್ಲ. ಜೂಮ್ ಎಲ್ಲಿ ಬೇಕೋ ಅಲ್ಲಿ ಬೆಳಕಿಲ್ಲ. ಬೆಳಕು ಧಾರಾಳವಾಗಿರುವಲ್ಲಿ ಎದುರಿಗಿರುವುದು ಸಂಡಿಗೆ.

ಹಾಗಾದರೆ ದ್ವೈತಿಗೆ ಜಯವೇ? 70–300ರ ಲೆನ್ಸು ಹಾಕಿದರೂ ಅವನಿಗೆ ದಕ್ಕುವುದು 450 ಮಿಲಿಮೀಟರಿನಷ್ಟು. ಹಕ್ಕಿ ಸ್ವಚ್ಛವಾಗಿ ಬರುತ್ತದೆ, ಅವರೆಕಾಳಿನಷ್ಟು. ಅದನ್ನು ಸೂಪರ್‌ಜೂಮಿನಷ್ಟೇ ದೊಡ್ಡದು ಮಾಡಲು ಅಂಚುಗಳನ್ನು ಕತ್ತರಿಸಿದರೆ 2.4 ಕೋಟಿ ಪಿಕ್ಸೆಲ್‌ನಲ್ಲಿ ಉಳಿಯುವುದು ಹನ್ನೆರಡು ಲಕ್ಷ. ನಿಕಾನಿನ 800 ಮಿಲಿಮೀಟರ್ ಲೆನ್ಸು ಕೊಂಡರಾಯಿತು ಎನ್ನುವವರಿಗೆ ಒಂದು ಮಾತು: ಅದರ ತೂಕ 4590 ಗ್ರಾಂ, ಬೆಲೆಯನ್ನು ಹೆಂಡತಿ-ಮಕ್ಕಳ ಮುಂದೆ ಹೇಳುವಂತಿಲ್ಲ, ಅಷ್ಟಾಗಿಯೂ ಅದು ಮುಟ್ಟುವುದು 1200ಕ್ಕೆ.

ಎರಡೂ ಪಂಥಗಳಿಗೆ ಸಮಾನವಾಗಿ ಬಾಗಿಲು ಮುಚ್ಚಿರುವ ಜಾಗ ಭೀಮಗಡದ ಬಾರಾಪೇಡೆ ಗುಹೆ. 1913ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ರಾಟನ್ನನ ಬಾವಲಿ ಬಹುಕಾಲ ಇಡೀ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆಯೆಂದು ನಂಬಲಾಗಿತ್ತು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಸಿಕ್ಕಿತು. ಕತ್ತಲಲ್ಲಿ ಸೂಪರ್‌ಜೂಮ್ ಕುರುಡು, ಡಿಎಸ್‌ಎಲ್‌ಆರ್‌ಗೆ ಫ್ಲ್ಯಾಶ್ ಬೇಕು, ಫ್ಲ್ಯಾಶ್ ಹೊಡೆದರೆ ಬಾವಲಿಗಳ ಸಂಸಾರ ಕೆಡುತ್ತದೆ. ಅರಣ್ಯ ಇಲಾಖೆ ಅಲ್ಲಿಗೆ ಸುಮ್ಮನೆ ಬಿಡುವುದೂ ಇಲ್ಲ. ಕ್ಯಾಮೆರಾವಾದಿಗಳ ಕಾಟವಿಲ್ಲದೆ ಬದುಕುತ್ತಿರುವ ಪ್ರಾಣಿ ಈ ತಾಲೂಕಿನಲ್ಲಿ ಅದೊಂದೇ ಇರಬೇಕು.

ಈ ಕಗ್ಗಂಟಿನೊಂದಿಗೆ ಖಡೇಬಜಾರಿನ ಅಂಗಡಿಯವರೊಬ್ಬರ ಬಳಿ ಹೋದಾಗ ಅವರು ಶಾಸ್ತ್ರವನ್ನೆಲ್ಲ ಪಕ್ಕಕ್ಕಿಟ್ಟು ವ್ಯಾಪಾರದ ಮಾತು ಹೇಳಿದರು. "ನೋಡ್ರೀ ಸರ, ಶಹಾಪುರದವ್ರು ಬರ್ತಾರ, ಜೂಮ್ ಕೇಳ್ತಾರ. ಯಾಕಂದ್ರ ಅವ್ರಿಗೆ ಖಾನಾಪುರ ಜಂಗಲ್ ತಗೀಬೇಕು. ಖಾನಾಪುರ ಹುಡುಗ್ರು ಬರ್ತಾರ, ಡಿಎಸ್‌ಎಲ್‌ಆರ್ ಕೇಳ್ತಾರ. ಅವ್ರಿಗೆ ಶಹಾಪುರದ ಲಗ್ನ ತಗೀಬೇಕು. ಮಂಗಟ್ಟಿ ಅವ್ರ ಮನಿ ಹಿತ್ತಲದಾಗಽ ಕುಂದರ್ತದ, ಅದರ ಫೋಟೋ ಯಾರಿಗೆ ಬೇಕು ಅಂತಾರ."

ವರ್ಷದಲ್ಲಿ ಎರಡು ಭಾನುವಾರ ಹೋಗುವ ಊರಿಗಾಗಿ ಮನುಷ್ಯ ಕ್ಯಾಮೆರಾ ಕೊಳ್ಳುತ್ತಾನೆ, ಉಳಿದ ದಿನ ಅದನ್ನು ಕಪಾಟಿನಲ್ಲಿ ಸಿಲಿಕಾ ಜೆಲ್ ಪುಡಿಕೆಯ ಜೊತೆ ಮಲಗಿಸುತ್ತಾನೆ ಎಂಬುದು ಈ ಗ್ರಂಥದ ಸಿದ್ಧಾಂತ. ಇದರಿಂದ ಹೊರಡುವ ಪ್ರಾಯೋಗಿಕ ಸಲಹೆ ಹೀಗಿದೆ: ಎರಡೂ ಊರಿನವರು ಶನಿವಾರ ಸಂಜೆ ನಡುವಿನ ದೇಸೂರು ಸ್ಟೇಷನ್ನಿನಲ್ಲಿ ಸೇರಿ ಕ್ಯಾಮೆರಾ ಅದಲುಬದಲು ಮಾಡಿಕೊಳ್ಳುವುದು, ಸೋಮವಾರ ಬೆಳಿಗ್ಗೆ ಮರಳಿಸುವುದು. ಅಂಗಡಿಯವರು ಇದನ್ನು ಪೂರ್ತಿ ಕೇಳಿಸಿಕೊಂಡು, ಲೆನ್ಸಿಗೆ ಬೂಷ್ಟು ಬಂದರೆ ಖರ್ಚು ಯಾರದು ಎಂದರು. ಆ ಪ್ರಕರಣ ಎರಡನೆಯ ಸಂಪುಟದಲ್ಲಿ.