ಸಿಹಿನೀರಿನ ಮನೆಯಳಿಯ

ಗಾಳ ಹಿಡಿದು ನೀರಂಚಿನಲ್ಲಿ ಕೂತವನು ಹೆಂಡತಿಯ ಕಡೆಯವರ ಕಣ್ಣಿಗೆ ಸೋಮಾರಿ, ತನ್ನದೇ ಕಣ್ಣಿಗೆ ಬೇಟೆಗಾರ. ಅಮೆರಿಕದ ದೊಡ್ಡ ಜಲಾಶಯಗಳಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಮೀನಿನ ಬೆನ್ನು ಹತ್ತಿದವರ ಮಟ್ಟಿಗಾದರೂ ಈ ಎರಡು ಬಿರುದುಗಳೂ ಸಲ್ಲವು ಎಂಬುದು ನನ್ನ ವಾದ. ಬೆಳ್ಳಿಬಣ್ಣದ ಮೈಮೇಲೆ ಉದ್ದಕ್ಕೂ ಏಳೆಂಟು ಕಪ್ಪು ಗೆರೆ ಎಳೆದುಕೊಂಡಿರುವ ಈ ಮೀನು ಮೂಲತಃ ಅಟ್ಲಾಂಟಿಕ್ ಕರಾವಳಿಯದು. ವಸಂತದಲ್ಲಿ ಮೊಟ್ಟೆಯಿಡಲು ನದಿ ಹತ್ತಿ ಬರುತ್ತದೆ, ಕೆಲಸ ಮುಗಿದ ಮೇಲೆ ಕೆಳಗಿಳಿದು ಉಪ್ಪುನೀರು ಸೇರುತ್ತದೆ. ಅಂಥದ್ದು ಕಡಲಗಾಳಿ ಕೂಡ ಸೋಕದ ಒಳನಾಡಿನ ಜಲಾಶಯದಲ್ಲಿ ಮೈ ಬೆಳೆಸಿಕೊಂಡು ಓಡಾಡುತ್ತಿದೆಯೆಂದರೆ ಅದನ್ನು ಕಾಡುಪ್ರಾಣಿ ಎನ್ನುವುದು ಹೇಗೆ? ಅದು ಆ ಮನೆಯ ಮನೆಯಳಿಯ. ಮನೆಯಳಿಯನನ್ನು ಸಾಕುವ ಮಾವನಿಗೆ ಸೋಮಾರಿಯಾಗಿರಲು ಪುರುಸೊತ್ತು ಇರುವುದಿಲ್ಲ. ಬೇಟೆಗಾರನಾಗಲು ಅಧಿಕಾರವೂ ಇರುವುದಿಲ್ಲ.

ಈ ಸಂಬಂಧ ಕುದುರಿದ್ದು ಆಕಸ್ಮಿಕವಾಗಿ. ಸೌತ್ ಕ್ಯಾರೊಲೈನಾದಲ್ಲಿ ಸ್ಯಾಂಟಿ ನದಿಗೆ ಕಟ್ಟೆ ಕಟ್ಟಿ ನೀರನ್ನು ಕೂಪರ್ ನದಿಯ ಕಡೆ ತಿರುಗಿಸಿ ವಿದ್ಯುತ್ ತೆಗೆಯುವ ಯೋಜನೆ 1939ರಲ್ಲಿ ಶುರುವಾಗಿ 1942ರ ಹೊತ್ತಿಗೆ ಮುಗಿಯಿತು. ಮೇರಿಯನ್, ಮೌಲ್ಟ್ರಿ ಎಂಬ ಎರಡು ಜಲಾಶಯಗಳು ತುಂಬಿದವು. ಮೀನುಗಳಿಗೆ ಯಾರೂ ನೋಟಿಸು ಕೊಟ್ಟಿರಲಿಲ್ಲ. ಕಟ್ಟೆಯ ಮೇಲ್ಗಡೆ ಸಿಕ್ಕಿಕೊಂಡ ಸ್ಟ್ರೈಪರ್‌ಗಳು (ಗಾಳದವರು ಕರೆಯುವುದು ಹೀಗೆ) ಸಿಹಿನೀರಿನಲ್ಲಿ ಸೊರಗುವ ಬದಲು ಕೊಬ್ಬಿದವು, ಮರಿಯನ್ನೂ ಮಾಡಿದವು. 1972ರಲ್ಲಿ ಅದೇ ಆ ರಾಜ್ಯದ ಅಧಿಕೃತ ಮೀನಾಯಿತು. ಉಳಿದ ರಾಜ್ಯಗಳ ಮೀನುಗಾರಿಕೆ ಇಲಾಖೆಗಳಿಗೂ ಇಂಥದೊಬ್ಬ ಅಳಿಯ ಬೇಕೆನಿಸಿತು. ಆದರೆ ಒಂದು ತೊಡಕಿತ್ತು. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ ನಿಜ. ಅವು ಒಡೆಯುವ ತನಕ, ಅಂದರೆ ಸುಮಾರು ಎರಡು ದಿನ, ಹರಿಯುವ ನೀರಿನಲ್ಲಿ ತೇಲುತ್ತ ಸಾಗುತ್ತಲೇ ಇರಬೇಕು. ನಿಂತ ನೀರು ಸೇರಿದರೆ ತಳಕ್ಕಿಳಿದು ಉಸಿರುಕಟ್ಟಿ ಸಾಯುತ್ತವೆ. ಸ್ಯಾಂಟಿ-ಕೂಪರ್‌ನ ಮೇಲೆ ಉದ್ದಕ್ಕೆ ಹರಿದುಬರುವ ಹೊಳೆಗಳಿದ್ದವು. ಬಹುಪಾಲು ಜಲಾಶಯಗಳಿಗೆ ಆ ಭಾಗ್ಯವಿಲ್ಲ. ಹಾಗಾಗಿ 1960ರ ದಶಕದಲ್ಲಿ ಅದೇ ರಾಜ್ಯದ ಮಾಂಕ್ಸ್ ಕಾರ್ನರ್‌ನ ಮೀನುಮರಿ ಕೇಂದ್ರದಲ್ಲಿ ರಾಬರ್ಟ್ ಸ್ಟೀವನ್ಸ್ ಎಂಬ ತಜ್ಞರು ಹೆಣ್ಣುಮೀನಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆಯಿಡಿಸುವ ದಾರಿ ಕಂಡುಕೊಂಡರು. ಆ ಹಾರ್ಮೋನನ್ನು ತೆಗೆಯುತ್ತಿದ್ದದ್ದು ಗರ್ಭಿಣಿಯರ ಮೂತ್ರದಿಂದ. ಹೀಗೆ ಸರ್ಕಾರದ ಖರ್ಚಿನಲ್ಲಿ, ಮನುಷ್ಯರ ಬಸಿರಿನ ನೆರವಿನಿಂದ ಹೆರಿಗೆ ಮಾಡಿಸಿಕೊಂಡ ಕುಲದ ಮೀನೊಂದನ್ನು ಎತ್ತಿ ಹಿಡಿದು, ಕಾಡುಮೇಡಿನ ಮಚ್ಚೆಬಣ್ಣದ ಜಾಕೀಟು ತೊಟ್ಟು ಫೋಟೋ ತೆಗೆಸಿಕೊಳ್ಳುವುದು ಸ್ವಲ್ಪ ಹೆಚ್ಚಾಯಿತು.

ಅಮೆರಿಕದವರನ್ನು ನೋಡಿ ನಗುವ ಮುನ್ನ ನಮ್ಮ ಕಟ್ಟೆಗಳ ಕಡೆಗೂ ಒಮ್ಮೆ ತಿರುಗಬೇಕು. ಕರ್ನಾಟಕದ ಜಲಾಶಯಗಳಿಗೆ ಬಿತ್ತನೆಯಾಗುವ ಕಾಟ್ಲಾ, ರೋಹುಗಳು ಗಂಗೆಯ ಸೀಮೆಯವು, ನಿಂತ ನೀರಿನಲ್ಲಿ ಮರಿ ಮಾಡಲು ಒಲ್ಲೆ ಎನ್ನುವವು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇಂಥ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸಿ ತೋರಿಸಿದ ಮೇಲೆಯೇ ಮರಿಗಳು ಬೇಕಾದಷ್ಟು ಸಿಗಲು ದಾರಿಯಾದದ್ದು. ನಾವೂ ಅವರೂ ಮಾಡಿದ್ದು ಒಂದೇ ಕೆಲಸ. ನಾವು ಮಾತ್ರ ಅದನ್ನು ಬೇಟೆ ಎನ್ನದೆ ಕೆಜಿಗೆ ಎಷ್ಟು ಎಂದು ಕೇಳುತ್ತೇವೆ.

ಇನ್ನು ಊಟೋಪಚಾರ. ಸ್ಟ್ರೈಪರ್‌ಗೆ ಪ್ರಿಯವಾದದ್ದು ಶಾಡ್ ಎಂಬ ಸಣ್ಣ ಮೀನು, ಅದೂ ಜೀವಂತವಾಗಿರಬೇಕು. ಆದ್ದರಿಂದ ಮನೆಯ ಹಾಲು ಕಾಯಿಸಲು ಏಳದ ಗಂಡಸು ಬೆಳಕು ಹರಿಯುವ ಮುಂಚೆ ಎದ್ದು ಬೀಸುಬಲೆ ಹೆಗಲಿಗೇರಿಸುತ್ತಾನೆ. ಹಿಡಿದ ಶಾಡ್ ಬಲು ನಾಜೂಕು. ಚೌಕನೆಯ ತೊಟ್ಟಿಯಲ್ಲಿ ಹಾಕಿದರೆ ಮೂಲೆಗೆ ನುಗ್ಗಿ ಮೂತಿ ಜಜ್ಜಿಕೊಂಡು ಸಾಯುತ್ತದೆ. ಅದಕ್ಕಾಗಿ ದುಂಡನೆಯ ತೊಟ್ಟಿ ಬೇಕು. ಅದಕ್ಕೆ ಗಾಳಿಯೂದುವ ಪಂಪು, ಹದವಾಗಿ ಉಪ್ಪು, ನಲ್ಲಿನೀರಾದರೆ ಕ್ಲೋರಿನ್ ಕಳೆಯುವ ಔಷಧಿ, ಸೆಕೆಗಾಲದಲ್ಲಿ ಐಸು. ಇಷ್ಟೆಲ್ಲ ಅಳಿಯನಿಗಲ್ಲ, ಅಳಿಯ ತಿನ್ನಲಿರುವ ಪದಾರ್ಥಕ್ಕೆ. ಆಮೇಲೆ ದೋಣಿಯ ಸೋನಾರ್ ಪರದೆಯಲ್ಲಿ ಹಿಂಡು ಎಷ್ಟು ಅಡಿ ಆಳದಲ್ಲಿದೆ ಎಂದು ನೋಡಿ, ಎರೆಯನ್ನು ಅದಕ್ಕಿಂತ ಒಂದೆರಡಡಿ ಮೇಲೆ ಇಳಿಬಿಡಬೇಕು. ಕೆಳಗೆ ಬಿಟ್ಟರೆ ಪ್ರಯೋಜನ ಕಡಿಮೆ, ಬಗ್ಗಿ ಉಣ್ಣುವ ಅಭ್ಯಾಸ ಅದಕ್ಕಿಲ್ಲ. ಇಷ್ಟಾದ ಮೇಲೂ ಹಿಂಡು ಇನ್ನೊಂದು ಕೊಲ್ಲಿಗೆ ಎದ್ದು ಹೋಗಿರುವುದು ಉಂಟು. ಆಗ ದೂರದಲ್ಲಿ ಕಡಲಹಕ್ಕಿಗಳು ನೀರಿಗೆ ಎರಗುತ್ತಿರುವುದನ್ನು ಹುಡುಕಿ ಅತ್ತ ದೋಣಿ ಓಡಿಸಬೇಕು. ಇದನ್ನು ವಿಶ್ರಾಂತಿ ಎನ್ನುವವರು ಕಚೇರಿಯಲ್ಲಿ ಏನು ಮಾಡುತ್ತಾರೋ ನಾ ಕಾಣೆ.

ತಿಳಿದವರು ಇಲ್ಲಿ ಎದ್ದು ನಿಲ್ಲುತ್ತಾರೆ. ಎಲ್ಲ ಕಡೆಯೂ ಹೀಗಿಲ್ಲ, ಟೆಕ್ಸಸ್–ಓಕ್ಲಹೋಮಾ ಗಡಿಯ ಟೆಕ್ಸೋಮಾದಲ್ಲಿ ಸ್ಟ್ರೈಪರ್ ಸ್ವಂತ ಬಲದ ಮೇಲೆ ಬದುಕಿದೆಯಲ್ಲ ಎನ್ನುತ್ತಾರೆ. ಒಪ್ಪಿದೆ. 1944ರಲ್ಲಿ ಮುಗಿದ ಡೆನಿಸನ್ ಅಣೆಕಟ್ಟಿನ ಹಿನ್ನೀರಿಗೆ 1965ರಿಂದ ಕೆಲವು ವರ್ಷ ಮರಿ ಬಿಟ್ಟರು. ರೆಡ್, ವಾಷಿಟಾ ನದಿಗಳ ಹರಿವು ಮೊಟ್ಟೆಗಳಿಗೆ ಸಾಕಾಯಿತು, ಇಲಾಖೆಯ ಸೂಲಗಿತ್ತಿತನ ಅಲ್ಲಿಗೆ ನಿಂತಿತು. ಇಂಥ ಹೊರತುಗಳಿಂದ ನನ್ನ ವಾದ ಬೀಳುವುದಿಲ್ಲ ಎನ್ನಲು ಯೂಟಾ–ಅರಿಜೋನಾ ನಡುವಿನ ಲೇಕ್ ಪೊವೆಲ್ ಸಾಕ್ಷಿ. ಕೊಲರಾಡೋ ನದಿಯ ಆ ಜಲಾಶಯಕ್ಕೆ 1974ರಲ್ಲಿ ಸ್ಟ್ರೈಪರ್ ಬಿಟ್ಟಾಗ ಇಲ್ಲಿ ಇದರ ಸಂತಾನ ಬೆಳೆಯಲಾರದು ಎಂಬ ಧೈರ್ಯವಿತ್ತು. ಬೆಳೆಯಿತು, ಎಲ್ಲೆ ಮೀರಿ ಬೆಳೆಯಿತು. ಬೇರೆ ಬಾಸ್‌ಗಳ ಹೊಟ್ಟೆಗೆಂದು ಮೊದಲೇ ತಂದು ಬಿಟ್ಟಿದ್ದ ಶಾಡ್ ರಾಶಿಯನ್ನು ಖಾಲಿ ಮಾಡಿ, ಕೊನೆಗೆ ತಾನೇ ಹಸಿದು ಬಡಕಲಾಯಿತು. ಈಗ ಅಲ್ಲಿ ದಿನಕ್ಕೆ ಇಷ್ಟೇ ಎಂಬ ಮಿತಿಯಿಲ್ಲ. ಸಿಕ್ಕಷ್ಟನ್ನೂ ದಯವಿಟ್ಟು ಒಯ್ಯಿರಿ ಎಂದು ಇಲಾಖೆಯೇ ಕೈ ಮುಗಿಯುತ್ತದೆ. ಯಾರ ಹಂಗೂ ಇಲ್ಲದೆ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೂ ಅಳಿಯ ಅಳಿಯನೇ.

ಇನ್ನೊಂದು ಆಕ್ಷೇಪ ಭುಜದ ನೋವಿನಿಂದ ಬರುವಂಥದ್ದು: ಗಾಳ ಕಚ್ಚಿದಾಗ ಅದರ ಎಳೆತ ನೋಡಿದ್ದೀರಾ, ಅದು ಸಾಕುಪ್ರಾಣಿಯ ಎಳೆತವೇ? ಎಳೆತಕ್ಕೆ ನನ್ನ ತಕರಾರಿಲ್ಲ. 2013ರಲ್ಲಿ ಅಲಬಾಮಾದ ಬ್ಲ್ಯಾಕ್ ವಾರಿಯರ್ ನದಿಯಲ್ಲಿ ಸಿಕ್ಕ ಒಳನಾಡಿನ ದಾಖಲೆಯ ಸ್ಟ್ರೈಪರ್ 31.5 ಕಿಲೋ ತೂಗಿತು. 2011ರಲ್ಲಿ ಕನೆಕ್ಟಿಕಟ್ ಬಳಿಯ ಕಡಲಲ್ಲಿ ಸಿಕ್ಕದ್ದು 37 ಕಿಲೋ ದಾಟಿತ್ತು. ಆದರೆ ಹೊತ್ತುಹೊತ್ತಿಗೆ ಉಂಡವನಿಗೆ ಶಕ್ತಿ ಬರುವುದು ಆಶ್ಚರ್ಯವಲ್ಲ. ಹಾಗಾದರೆ ಇದಕ್ಕೆಲ್ಲ ಸರ್ಕಾರದ ದುಡ್ಡು ಏಕೆ ಸುರಿಯಬೇಕು ಎಂಬ ಮೂರನೆಯ ಆಕ್ಷೇಪಕ್ಕೆ ಉತ್ತರ ಸುಲಭ: ಬಹುಮಟ್ಟಿಗೆ ಅದು ಮಾವನ ದುಡ್ಡೇ. 1950ರ ಕಾಯ್ದೆಯೊಂದರ ಪ್ರಕಾರ ಗಾಳದ ಕೋಲು, ರೀಲುಗಳಂಥ ಸರಕಿನ ಮೇಲೆ ಹಾಕುವ 10% ತೆರಿಗೆ ರಾಜ್ಯಗಳ ಮೀನು ಸಂರಕ್ಷಣೆಗೆ ಹೋಗುತ್ತದೆ, ಲೈಸೆನ್ಸಿನ ಹಣ ಬೇರೆ. ದೋಣಿ, ಪೆಟ್ರೋಲು, ತೊಟ್ಟಿ, ಐಸು ಎಲ್ಲ ಕೂಡಿ ಭಾಗಿಸಿದರೆ ಆ ಮೀನು ಕಿಲೋಗೆ ಎಷ್ಟಾಯಿತು ಎಂಬ ಲೆಕ್ಕವನ್ನು ಯಾವ ಬುದ್ಧಿವಂತನೂ ಮನೆಯವರ ಎದುರು ಮಾಡುವುದಿಲ್ಲ. ಇದೇ ಮೀನಿನ ಮಿಶ್ರತಳಿಯನ್ನು ಕೊಳದಲ್ಲಿ ಸಾಕಿ ಅಂಗಡಿಯಲ್ಲಿ ಮಾರುತ್ತಾರೆಂಬುದನ್ನೂ ಅವರಿಗೆ ಹೇಳಬಾರದು.

ಅಳಿಯನಿಗೆ ಕೊಡಬೇಕಾದ ಕೊನೆಯ ಉಪಚಾರವನ್ನು ಮಾತ್ರ ಗಾಳದವರು ಮರೆಯುತ್ತಾರೆ, ನನ್ನ ನಿಜವಾದ ದೂರು ಇರುವುದು ಅಲ್ಲಿ. ಬೇಸಿಗೆಯಲ್ಲಿ ಜಲಾಶಯದ ನೀರು ಪದರ ಪದರವಾಗುತ್ತದೆ: ಮೇಲಿನದು ಬಿಸಿ, ತಳದ್ದು ತಂಪು. ತಳದಲ್ಲಿ ಆಮ್ಲಜನಕ ತೀರಿಹೋಗಿರುತ್ತದೆ. ದೊಡ್ಡ ಸ್ಟ್ರೈಪರ್‌ಗೆ 25 ಡಿಗ್ರಿ ಸೆಲ್ಸಿಯಸ್ ಮೀರಿದ ನೀರು ಒಗ್ಗದು. ಗಾಳಿಯಿಲ್ಲದ ನೀರಂತೂ ಯಾರಿಗೂ ಒಗ್ಗದು. ನಡುವಿನ ತೆಳು ಪದರದಲ್ಲಿ ಅವು ಇಕ್ಕಟ್ಟಿಗೆ ಸಿಲುಕುತ್ತವೆ, ಹೊಟ್ಟೆಗಿಲ್ಲದೆ ಸೊರಗುತ್ತವೆ ಎಂದು ಟೆನ್ನೆಸ್ಸಿಯ ಓಕ್ ರಿಡ್ಜ್ ಪ್ರಯೋಗಾಲಯದ ಚಾರ್ಲ್ಸ್ ಕೌಟೆಂಟ್ 1985ರಲ್ಲಿ ವಾದಿಸಿದರು. ಅಂಥ ಹೊತ್ತಿನಲ್ಲಿ ಆಳದಿಂದ ಬಿಸಿನೀರಿನ ಮೂಲಕ ಎಳೆದು ತಂದು, ಫೋಟೋ ತೆಗೆದು, 'ಜೀವದಾನ ಮಾಡಿದೆ' ಎಂದು ನೀರಿಗೆ ಬಿಟ್ಟ ಮೀನು ಬಾಲ ಬೀಸುತ್ತ ಹೋಗುತ್ತದೆ. ಎಷ್ಟೋ ಸಲ ಹೋದದ್ದು ಸಾಯಲಿಕ್ಕೆ. ಹಿಡಿದು ಬಿಡುವುದು ಚಳಿಗಾಲದಲ್ಲಿ ಸಭ್ಯತೆ, ಆಗಸ್ಟ್‌ನಲ್ಲಿ ಬರೀ ನಾಟಕ. ಡಲ್ಲಾಸಿನಲ್ಲಿರುವ ನೆಂಟರು ಬೇಸಿಗೆ ರಜೆಯಲ್ಲಿ ಟೆಕ್ಸೋಮಾಕ್ಕೆ ಕರೆದರೆ ಏಪ್ರಿಲ್‌ನಲ್ಲಿ ಬರುತ್ತೇನೆ ಎನ್ನಿ. ಆಗಸ್ಟ್‌ನಲ್ಲೇ ಹೋಗಬೇಕಾಗಿ ಬಂದರೆ, ನಿಯಮ ಒಪ್ಪುವಷ್ಟು ಹಿಡಿಯಿರಿ, ಪಕ್ಕೆಯ ಉದ್ದಕ್ಕಿರುವ ಕೆಂಪು ಮಾಂಸ ಕತ್ತರಿಸಿ ತೆಗೆದು ಉಳಿದದ್ದನ್ನು ರವೆಯಲ್ಲಿ ಹೊರಳಿಸಿ ಹುರಿಯಿರಿ, ಗಾಳವನ್ನು ಅಲ್ಲಿಗೇ ಸುತ್ತಿಡಿ.